ನಲವತ್ತನೆಯ ಪುಟದ ಮೂಗು

ಸೊಸೆಯ ಬೆಳಗಿನ ಮೊದಲ ಕೆಲಸ ಅಂಗಡಿಯ ಚೌಕಟ್ಟುಗಳ ಗಾಜು ಒರೆಸುವುದು. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ಅಚ್ಚು ಹಾಕಿದ ಹಳೆಯ ಕಾಲದ ಗಣ್ಯರ ಮುಖಗಳು ಅವು. ಮನೆಯವರ ಹೊಟ್ಟೆ ತುಂಬುತ್ತಿದ್ದುದು ಅವುಗಳ ಮಾರಾಟದಿಂದಲೇ. ಮೂರನೆಯ ಸೇನಾಪತಿಯ ಮೀಸೆಯ ಧೂಳು ಒರೆಸುವಷ್ಟರಲ್ಲಿ ಒಳಗಿನಿಂದ ಮಾವ ಕೂಗಿದರು.

"ಕೈವಾರ ಎಲ್ಲಿಟ್ಟೆ ಅಮ್ಮಾ? ಆ ಗಡಿಯಾರ ರಿಪೇರಿಯವನು ಬರ್ತಾನೆ. ಮೂಗು ಅಳೀಬೇಕು!"

ಸೊಸೆ ಬಟ್ಟೆ ಕೆಳಗಿಟ್ಟು ಒಳಗೆ ನಡೆದಳು. ಗಡಿಯಾರದವನನ್ನು ನಾದಿನಿ ತಾನಾಗಿಯೇ ಮೆಚ್ಚಿದ್ದಳು. ಅವಳಿಗೀಗ ಮೂವತ್ತಮೂರು.

ಮಾವನ ಬಳಿ ಅವರಪ್ಪನ ಕಾಲದ ದಪ್ಪ ಪುಸ್ತಕವೊಂದಿತ್ತು. ಪುಟಕ್ಕೊಂದು ಮುಖ, ಮುಖದ ಕೆಳಗೊಂದು ಗುಣ. ಹಾಲು ಹಾಕುವವನಿಂದ ಹಿಡಿದು ವೈದ್ಯರವರೆಗೆ ಎಲ್ಲರೂ ಆ ಪುಸ್ತಕದಲ್ಲಿ ಪಾಸಾಗಿಯೇ ಹೊಸ್ತಿಲು ದಾಟಬೇಕು. ನಾದಿನಿಯನ್ನು ಕೇಳಿ ಬಂದ ಮೊದಲ ಗಂಡಿಗೆ ಜಿಪುಣನ ಗದ್ದ. ಎರಡನೆಯವನಿಗೆ ಸೋಮಾರಿಯ ಕಿವಿ. ಮೂರನೆಯವನ ಹುಬ್ಬು ಕೂಡಿತ್ತು. ನಾಲ್ಕನೆಯವನು ಕೈವಾರ ಕಂಡು ನಕ್ಕುಬಿಟ್ಟ; ಪುಸ್ತಕದಲ್ಲಿ ನಗುವ ಮುಖವೇ ಇರಲಿಲ್ಲವಾದ್ದರಿಂದ ಅವನನ್ನೂ ಕಳಿಸಿದ್ದಾಯಿತು. ಆ 'ಸೋಮಾರಿ' ಈಗ ದಿನಾ ಬೆಳಗಾಗುವ ಮೊದಲೇ ಬೇಕರಿ ತೆರೆಯುತ್ತಾನೆ, ಸಂಜೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಯ ಮುಂದೆಯೇ ಹೋಗುತ್ತಾನೆ. ಆ ಹೊತ್ತಿಗೆ ನಾದಿನಿ ಬಾಗಿಲಿಗೆ ಬೆನ್ನು ಹಾಕಿ ಚೌಕಟ್ಟಿನ ಅಂಟು ಕಲಸುತ್ತಾಳೆ.

ಇನ್ನು ಧರ್ಮಾತ್ಮನ ಹಣೆಯೆಂದು ಮೆಚ್ಚಿ ಕೆಲಸಕ್ಕಿಟ್ಟುಕೊಂಡಿದ್ದ ಗುಮಾಸ್ತ ಹನ್ನೆರಡು ಚೌಕಟ್ಟು ಹೊತ್ತುಕೊಂಡು ಮಾಯವಾದ. "ಆ ಹಣೆ ನಂಗೆ ಮೋಸ ಮಾಡ್ತು" ಎಂದರೇ ಹೊರತು ಮಾವ ಪುಸ್ತಕವನ್ನು ಬೈಯಲಿಲ್ಲ. ಓದುವ ತಾಯಂದಿರೇ, ನಮ್ಮ ಮನೆಯಲ್ಲಿ ಇಂಥ ಪುಸ್ತಕ ಇರಲಿಕ್ಕಿಲ್ಲ. ಆದರೆ ಬಾಗಿಲಲ್ಲಿ ನಿಂತವರ ಮುಖ ನೋಡಿಯೇ ನಾವೂ ಎಷ್ಟು ಜನರನ್ನು ಹಿಂದಕ್ಕೆ ಕಳಿಸಿಲ್ಲ?

ಗಡಿಯಾರದವನು ಬಂದ. ಕೂತವನ ಕಣ್ಣು ಗೋಡೆಯ ಮೇಲೆ ನಿಂತುಹೋಗಿದ್ದ ಗಡಿಯಾರದ ಕಡೆಗೇ ಹೋಗುತ್ತಿತ್ತು.

"ಅಲ್ಲಾಡ್ಬೇಡಪ್ಪ!" ಮಾವ ಕೈವಾರವನ್ನು ಅವನ ಮೂಗಿಗಿಟ್ಟರು.

"ಇಲ್ಲ ಸಾರ್. ಆ ಗಡಿಯಾರ ನಿಂತು ಎಷ್ಟು ದಿನ ಆಯ್ತು?"

"ನಿನ್ನ ಮೂಗಿನ ವಿಷಯ ಮಾತಾಡು!"

"ಅದು ಹುಟ್ಟಿದಾಗಿಂದ ಸರಿಯಾಗೇ ನಡೀತಿದೆ ಸಾರ್."

ಬಾಗಿಲ ಹಿಂದೆ ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. ಸೊಸೆಯ ಮಗಳು ಪುಟ್ಟಿ ಅವನ ಕೊರಳಿನ ಭೂತಗನ್ನಡಿಯನ್ನೇ ನೋಡುತ್ತಿದ್ದಳು. ಅವನು ಬಿಚ್ಚಿ ಕೊಟ್ಟ.

ಪುಟ್ಟಿಗೆ ಇನ್ನೂ ಅಕ್ಷರ ಬಾರದು. ಆದರೆ ತಾತನ ತೊಡೆಯ ಮೇಲೆ ಕೂತು ಆ ಪುಸ್ತಕದ ಮುಖಗಳನ್ನೆಲ್ಲ ಬಾಯಿಪಾಠ ಮಾಡಿದ್ದಳು. ತಾತ ಓದುತ್ತಿದ್ದುದು ಕೆಳಗಿನ ಬರಹವನ್ನು. ಅವಳು ನೋಡುತ್ತಿದ್ದುದು ಚಿತ್ರವನ್ನು. ತಾತ ಅಳತೆಯನ್ನು ಚೀಟಿಗೆ ಬರೆದುಕೊಳ್ಳುವಷ್ಟರಲ್ಲಿ ಅವಳು ಭೂತಗನ್ನಡಿ ಹಿಡಿದು ಪುಟ ತಿರುವಿ, ಹಿಂದೆ ಹೋಗಿ, ಮತ್ತೆ ಮುಂದೆ ಬಂದು, ಅಮ್ಮನ ಕೈ ಜಗ್ಗಿದಳು.

"ಅಮ್ಮಾ..."

"ಶ್! ಆಮೇಲೆ."

ಮಾವ ಪುಸ್ತಕ ಎಳೆದುಕೊಂಡು ನಲವತ್ತನೆಯ ಪುಟ ತೆರೆದರು. "ನೋಡಿ, ಇದೇ ಮೂಗು. ವಂಚಕ! ಏಳಪ್ಪ, ನಮ್ಮ ಹುಡುಗಿ ನಿಂಗಲ್ಲ."

"ಅಪ್ಪಾ, ನಾಲ್ಕು ವರ್ಷದಿಂದ ಅವರನ್ನ ನೋಡ್ತಿದೀನಿ," ಎಂದಳು ನಾದಿನಿ ಈಚೆ ಬಂದು. ಅವಳ ಬೆರಳಿಗೆ ಅಂಟು ಮೆತ್ತಿತ್ತು.

"ನೀನು ನಾಲ್ಕು ವರ್ಷ ನೋಡಿರ್ಬಹುದು. ಪುಸ್ತಕ ನೂರು ವರ್ಷದಿಂದ ನೋಡ್ತಿದೆ!"

ಗಡಿಯಾರದವನು ಎದ್ದ. ಪುಟ್ಟಿ ಮತ್ತೆ ಕೈ ಜಗ್ಗಿ, ಅಮ್ಮನ ಕಿವಿಯಲ್ಲಿ ಏನೋ ಉಸುರಿದಳು. ಸೊಸೆ ಮೆಲ್ಲಗೆ ಪುಸ್ತಕದತ್ತ ಬಗ್ಗಿ ಪುಟಗಳನ್ನು ಮಗುಚುತ್ತ ಹೋದಳು. ನೂರಹನ್ನೆರಡನೆಯ ಪುಟ: ನ್ಯಾಯಮೂರ್ತಿ. ನಲವತ್ತನೆಯ ಪುಟದ ಅದೇ ಮುಖ, ಅದೇ ಕಿವಿಯ ಕೆಳಗೆ ಅದೇ ಗೀರು. ಅಲ್ಲಿಯಂತೆಯೇ ಕೋಟಿನಲ್ಲಿ ಮೂರನೆಯ ಗುಂಡಿ ಇಲ್ಲ. ಹಳೆಯ ಅಚ್ಚುಕೂಟದವರು ಖರ್ಚು ಉಳಿಸಲು ಒಂದೇ ತಗಡನ್ನು ಎರಡು ಸಲ ಒತ್ತಿ, ಕೆಳಗಿನ ಹೆಸರನ್ನಷ್ಟೇ ಬದಲಿಸಿದ್ದರು.

ಒಂಬತ್ತು ವರ್ಷಗಳಿಂದ ಮಾವನ ಮಾತಿಗೆ ಎದುರಾಡದಿದ್ದ ಸೊಸೆ ಮಗಳ ಬೆನ್ನ ಮೇಲೆ ಕೈಯಿಟ್ಟಳು.

"ನನ್ನ ಕಿವೀಲಿ ಯಾಕೆ ಪುಟ್ಟಿ? ತಾತನ್ನೇ ಕೇಳು. ಜೋರಾಗಿ ಕೇಳು."

ಪುಟ್ಟಿ ಭೂತಗನ್ನಡಿಯನ್ನು ತಾತನ ಮುಂದೆ ತಳ್ಳಿ, ಒಂದು ಕೈಯನ್ನು ನಲವತ್ತರ ಮೇಲೂ ಇನ್ನೊಂದನ್ನು ನೂರಹನ್ನೆರಡರ ಮೇಲೂ ಒತ್ತಿ ಹಿಡಿದಳು.

"ತಾತಾ, ಮೋಸಗಾರ ಮಾಮನೂ ಜಡ್ಜು ಮಾಮನೂ ಒಬ್ಬರೇ ಅಲ್ವಾ? ಮತ್ತೆ ಅತ್ತೇನ ಕೇಳೋಕೆ ಬಂದಿದ್ದು ಯಾವ ಮಾಮ ಅಂತ ನಿಂಗೆ ಹೆಂಗೆ ಗೊತ್ತಾಯ್ತು?"