ಹಿಕ್ಕೆಯ ಹಾಸು

ಗುರುವಾರ ಬೆಳಿಗ್ಗೆ ರೇಡಿಯೊದ ಹೆಣ್ಣುಮಗಳು ಪ್ರಾಂತ್ಯಗಳ ಹವಾಮಾನವನ್ನು ಒಂದೊಂದಾಗಿ ಓದುತ್ತ ನಮ್ಮದಕ್ಕೆ ಬಂದಳು. ರಾತ್ರಿ ನೆಲ ಹೆಪ್ಪುಗಟ್ಟಲಿದೆ, ಸೊನ್ನೆಗಿಂತ ಹನ್ನೆರಡು ಕೆಳಗೆ. ಶುಕ್ರವಾರ ಸಂಜೆಯ ಹೊತ್ತಿಗೆ ವಾಯವ್ಯದಿಂದ ಇನ್ನೊಂದು ಶೀತಮಾರುತ, ಹಿಮದ ಬಿರುಗಾಳಿ, ಇಪ್ಪತ್ತೆಂಟು ಕೆಳಗೆ. ಕುರಿಗಾರರು ಬಯಲಲ್ಲಿ ಉಳಿಯಬಾರದು. ಇಷ್ಟನ್ನೂ ಅವಳು ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿ ಮುಂದಿನ ಪ್ರಾಂತ್ಯಕ್ಕೆ ಹೋದಳು.

ಮೊದಲ ಮಾರುತ ಆ ವಾರದಲ್ಲೇ ಬಂದು ಹೋಗಿತ್ತು. ನದಿಯಂಚಿನ ಹುಲ್ಲು ಕಪ್ಪಾಗಿತ್ತು. ನಮ್ಮ ಬಳಿ ಮುನ್ನೂರು ಚಿಲ್ಲರೆ ಕುರಿ, ಆಡು. ಅವು ಬದುಕಬೇಕಾದರೆ ಶುಕ್ರವಾರ ಸಂಜೆಯೊಳಗೆ ಗುಡ್ಡದ ತೆಂಕಣ ಮಗ್ಗುಲಲ್ಲಿರುವ ಚಳಿಗಾಲದ ದೊಡ್ಡಿ ಸೇರಬೇಕು. ದೊಡ್ಡಿ ಎಂದರೆ ಕಲ್ಲಿನ ಗೋಡೆಯಷ್ಟೇ ಅಲ್ಲ. ಹದಿನೆಂಟು ಚಳಿಗಾಲ ಕುರಿಗಳು ಮಲಗಿ, ತುಳಿದು, ಮೊಣಕಾಲೆತ್ತರ ಕೂತ ಹಿಕ್ಕೆಯ ಹಾಸು ಅಲ್ಲಿದೆ. ಅದರ ಮೇಲೆ ಮಲಗಿದ ಕುರಿಗೆ ನೆಲದ ಥಂಡಿ ತಟ್ಟುವುದಿಲ್ಲ. ಬರೀ ಕಲ್ಲಿನ ಮೇಲೆ ಮಲಗಿದ ಕುರಿ ಬೆಳಿಗ್ಗೆ ಏಳುವುದಿಲ್ಲ.

ಪ್ರತಿ ವರ್ಷ ಶರತ್ಕಾಲದ ಮೊದಲಲ್ಲಿ ಮನೆಯವರೊಬ್ಬರು ಅಲ್ಲಿಗೆ ಹೋಗಿ ಹಾಸಿನ ಮೇಲ್ಪದರ ಕೆದಕಿ ಒಣಗಲು ಬಿಡುತ್ತಾರೆ. ಕೆದಕಿದ ಹಾಸು ಕಂಡರೆ ಈ ಜಾಗಕ್ಕೆ ಜನ ಬರುತ್ತಾರೆ ಎಂದು ಅರ್ಥ. ನನ್ನ ಗಂಡ ಬದುಕಿರುವವರೆಗೆ ಅದು ಅವನ ಕೆಲಸವಾಗಿತ್ತು. ಈ ಸಲ ನನ್ನ ತಮ್ಮ ಗೊಂಬೊ ಹೋಗಿದ್ದ.

"ಹಾಸು ಕೆದಕಿದ್ದೀಯ ತಾನೆ?" ಎಂದು ಗುಡಾರದ ಹಗ್ಗ ಬಿಚ್ಚುತ್ತ ಕೇಳಿದೆ.

"ಎಷ್ಟು ಸಲ ಕೇಳ್ತೀಯಕ್ಕ? ಎಲ್ಲ ಸರಿಯಾಗೇ ಇದೆ."

"ಒಳಗಿಳಿದು ನೋಡಿದ್ಯಾ?"

"ನೋಡ್ದೆ ಅಂದ್ನಲ್ಲ. ನಿನಗೆ ಒಂಟೆ ಮೇಲೆ ನಂಬಿಕೆ, ನನ್ನ ಮೇಲಿಲ್ಲ."

"ಒಂಟೆ ಸುಳ್ಳು ಹೇಳಲ್ಲ" ಎಂದೆ. ಅವನು ನಕ್ಕ.

ಎರಡು ಒಂಟೆಗಳ ಮೇಲೆ ಗುಡಾರ ಹೇರಿ ಹೊರಟವರು ಶುಕ್ರವಾರ ಮಧ್ಯಾಹ್ನ ದಿಬ್ಬ ಹತ್ತಿದೆವು. ವಾಯವ್ಯದ ಆಕಾಶ ಹಳೆಯ ಗಾಯದ ಹಾಗೆ ಹಳದಿ, ಕಪ್ಪು ಆಗಿತ್ತು. ಕೆಳಗೆ ನಮ್ಮ ದೊಡ್ಡಿಯ ಪಕ್ಕದಲ್ಲಿ ಬೇರೆ ಯಾರದೋ ಉಣ್ಣೆಗುಡಾರ, ಅದರ ಕೊಳವೆಯಲ್ಲಿ ಹೊಗೆ, ಆಚೆ ಅವರ ಹಿಂಡು. ದೊಡ್ಡಿಯ ಗೋಡೆ ನಿಂತಿತ್ತು. ಒಳಗೆ ಮಾತ್ರ ಬಿಳಿ ಕಲ್ಲು ಕಾಣುತ್ತಿತ್ತು. ನಮ್ಮ ಹಾಸನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಡಿದು ಹೊರಗೆ ಆಳೆತ್ತರ ಒಟ್ಟಿದ್ದರು. ಒಂದು ಗಾಡಿಯಷ್ಟು ಹೇರಿಯೂ ಆಗಿತ್ತು.

ನಮ್ಮ ಕಡೆ ಯಾವ ಮನೆಗೆ ಹೋದರೂ ದೂರದಿಂದಲೇ "ನಾಯಿ ಹಿಡೀರಪ್ಪೋ" ಎಂದು ಕೂಗಬೇಕು. ನಾಯಿ ಇಲ್ಲದ ಮನೆಗೂ ಕೂಗುತ್ತೇವೆ. ಕೂಗದೆ ಬರುವವನು ಹೊಡೆಯಲು ಬರುವವನೇ. ಗೊಂಬೊ ಕೂಗಲಿಲ್ಲ. ಕುದುರೆಯನ್ನು ಇಳಿಜಾರಿನಲ್ಲಿ ಬಿಟ್ಟೋಡಿಸಿದ. ನಾನು ಕುರಿಗಳನ್ನು ಅಟ್ಟಿಕೊಂಡು ಅವನ ಹಿಂದೆಯೇ ಇಳಿದೆ.

ನಾಯಿ ಕುದುರೆಯ ಕುತ್ತಿಗೆಗೆ ಹಾರಿತು. ಗೊಂಬೊ ಕುದುರೆ ಹಿಡಿಯುವ ಉದ್ದನೆಯ ಕೋಲನ್ನು ನಾಯಿಯ ತಲೆಗೆ ಬೀಸಿದ. ಅದರ ದವಡೆ ಕಳಚಿ ಜೋತುಬಿತ್ತು. ಗೋಡೆಯ ಹಿಂದಿನಿಂದ ಒಬ್ಬ ಕುಳ್ಳ ಗಂಡಸು ಹಿಕ್ಕೆ ಕಡಿಯುವ ಸನಿಕೆ ಹಿಡಿದು ಬಂದ. ಅವನ ಹುಬ್ಬುಗಳು ಸುಟ್ಟು ಬೋಳಾಗಿದ್ದವು. ಮಾತೇ ಆಡದೆ ಸನಿಕೆಯ ಬೆನ್ನಿನಿಂದ ಗೊಂಬೊನ ಭುಜಕ್ಕೆ ಹೊಡೆದ. ಮೂಳೆ ಮುರಿದದ್ದು ನನಗೆ ಕೇಳಿಸಿತು. ಗೊಂಬೊ ಕುದುರೆಯಿಂದ ಬಿದ್ದ, ಬಿದ್ದವನು ಕುಳ್ಳನ ಕಾಲು ಹಿಡಿದು ಕೆಡವಿದ. ಒಬ್ಬರನ್ನೊಬ್ಬರು ಕಚ್ಚುತ್ತ, ಗುದ್ದುತ್ತ ಉರುಳಿದರು.

ನಾನು ಜಗಳ ಬಿಡಿಸಲಿಲ್ಲ. ಕುರಿಗಳನ್ನು ದೊಡ್ಡಿಗೆ ನುಗ್ಗಿಸಿದೆ. ಅವು ಬರೀ ಕಲ್ಲು ಮೂಸಿ ತಿರುಗಿ ನಿಂತವು. ಅಷ್ಟರಲ್ಲಿ ಗುಡಾರದಿಂದ ಒಬ್ಬ ಹೆಂಗಸು ಬಂದು ನನ್ನ ಮುಖಕ್ಕೆ ಹಿಕ್ಕೆಯ ಇಟ್ಟಿಗೆ ಎಸೆದಳು. ತುಟಿ ಸೀಳಿತು. ನಾನು ಅವಳ ಜಡೆ ಹಿಡಿದು ಗೋಡೆಗೆ ಒತ್ತಿದೆ.

"ಯಾರ ಜಾಗ ಅನ್ಕೊಂಡ್ರಿ ಇದು?"

"ಬಿಟ್ಟೋದ ಜಾಗ" ಎಂದು ನನ್ನ ಮಣಿಕಟ್ಟಿಗೆ ಉಗುರು ಚುಚ್ಚಿದಳು. "ನಮ್ಮ ಹಾಸು ಕಾಡ್ಗಿಚ್ಚಲ್ಲಿ ಹೋಯ್ತು. ಮೂರು ವಾರ ಕಾದ್ವಿ, ಒಬ್ರೂ ಸುಳೀಲಿಲ್ಲ. ಹಾಸು ಕೆದಕಿರ್ಲಿಲ್ಲ. ಇನ್ನೊಬ್ಬರ ದೊಡ್ಡೀಲಿ ಕುರಿ ಮಲಗಿಸಿಲ್ಲ ನಾವು. ಆಚೆ ಹಳ್ಳದ ನಮ್ಮ ದೊಡ್ಡಿಗೆ ಹೊತ್ಕೊಂಡು ಹೋಗ್ತಿದ್ವಿ. ಬಿಟ್ಟ ಹಿಕ್ಕೆ ಯಾರ ಸ್ವತ್ತು?"

ಅದು ನಿಜ. ಬಿಟ್ಟ ಹಿಕ್ಕೆ ಯಾರ ಸ್ವತ್ತೂ ಅಲ್ಲ. ನನ್ನ ಕೈ ಸಡಿಲವಾಯಿತು.

ಆಗ ಅಲ್ಲಿ ಗಂಡಸರಿಬ್ಬರೂ ಎದ್ದು ನಿಂತು ಹೊಡೆದಾಡುತ್ತಿದ್ದರು. ಕುಳ್ಳನ ಬೂಟುಗಾಲು ಗೊಂಬೊನ ಪಾದವನ್ನು ತುಳಿಯಿತು. ನಮ್ಮಲ್ಲಿ ಒಬ್ಬರ ಕಾಲು ತುಳಿದರೆ ತಕ್ಷಣ ಕೈ ಕುಲುಕಬೇಕು, ಇಲ್ಲದಿದ್ದರೆ ಹಗೆ ಹುಟ್ಟುತ್ತದೆ. ಮಗುವಿದ್ದಾಗಿನಿಂದ ಮೈಗೆ ಹತ್ತಿದ ರೂಢಿ. ಆ ಮನುಷ್ಯ ಬಾಯಿತುಂಬ ರಕ್ತ ಇಟ್ಟುಕೊಂಡು ಹೊಡೆಯುವುದನ್ನು ನಿಲ್ಲಿಸಿ ಬಲಗೈ ಚಾಚಿದ.

ಗೊಂಬೊ ಆ ಕೈ ಹಿಡಿದ. ಹಿಡಿದು ತನ್ನ ಕಡೆ ಎಳೆದುಕೊಂಡ. ಮುರಿದ ಭುಜದ ಎಡಗೈಯಲ್ಲಿ ಅದು ಹೇಗೆ ಸಾಧ್ಯವಾಯಿತೋ, ಸೊಂಟದ ಚಾವಟಿ ಕಿತ್ತು ಅದರ ಕಬ್ಬಿಣದ ಹಿಡಿಯಿಂದ ಅವನ ಕಿವಿಯ ಹಿಂದೆ ಹೊಡೆದ. ತೆಳು ಮಂಜುಗಡ್ಡೆಯ ಮೇಲೆ ಕಾಲಿಟ್ಟಂಥ ಸದ್ದು. ಅವನು ಕೈ ಬಿಡದೆ ಹಾಗೇ ಕುಸಿದ. ಕಿವಿಯಿಂದ ರಕ್ತ ಇಳಿದು ನೆಲದ ಮೇಲೆ ಹೆಪ್ಪುಗಟ್ಟತೊಡಗಿತು.

"ದಮಿರನ್" ಎಂದು ಹೆಂಗಸು ಒಂದೇ ಸಲ ಕರೆದಳು. ಸನಿಕೆ ಎತ್ತಿಕೊಂಡು ಗೊಂಬೊನ ಕಡೆ ನಡೆದಳು. ನಾನು ಅವಳಿಗಿಂತ ಮೊದಲು ತಲುಪಿದೆ. ಗೊಂಬೊನ ಕೈಯಿಂದ ಚಾವಟಿ ಕಿತ್ತು ಅವನ ಮುಖಕ್ಕೇ ಬಾರಿಸಿದೆ. ಮೂರು ಏಟು. ಕೆನ್ನೆ ಒಡೆಯಿತು. ಅವನು ಕೈ ಅಡ್ಡ ತರಲಿಲ್ಲ.

"ಕೈ ಚಾಚಿದವನನ್ನ ಹೊಡೆದ್ಯಲ್ಲೋ."

"ನಮ್ಮ ಹಾಸು ಕದ್ದಿದ್ದಾನಕ್ಕ ಇವನು."

"ಕೆದಕಿದ್ದೆ ಅಂದ್ಯಲ್ಲ ನೀನು?"

ಅವನು ರಕ್ತ ಉಗಿದ. "ದಿಬ್ಬದ ಮೇಲಿಂದ ದುರ್ಬೀನಲ್ಲಿ ನೋಡ್ದೆ. ಗೋಡೆ ನಿಂತಿತ್ತು. ಇಳಿದು ಕೆದಕೋಕೆ ಅರ್ಧ ದಿನ ಹಿಡಿಯುತ್ತೆ."

ನಾವೆಲ್ಲ ದುರ್ಬೀನಿನ ಜನ. ಮೇವು, ಮಳೆ, ಹೆಣ್ಣು ಎಲ್ಲವನ್ನೂ ದಿಬ್ಬದ ಮೇಲೆ ಕೂತೇ ನೋಡುತ್ತೇವೆ. ಅವನು ಮಾಡಿದ್ದನ್ನು ಯಾವ ಕುರಿಗಾರನಾದರೂ ಮಾಡಬಹುದಾಗಿತ್ತು. ಹಾಗೆಂದು ಇನ್ನೊಂದು ಏಟು ಕೊಡದೆ ಬಿಡಲಿಲ್ಲ.

ಆಗಲೇ ಗಾಳಿ ಬಂತು. ಸಂಜೆ ಎಂದಿದ್ದ ಮಾರುತ ಮೂರು ತಾಸು ಮುಂಚೆ ದಿಬ್ಬ ದಾಟಿತು. ಒಂಟೆಗಳು ಮಂಡಿಯೂರಿದವು. ಹೆಂಗಸು ಸನಿಕೆಯನ್ನು ಇನ್ನೂ ಎತ್ತಿಯೇ ಹಿಡಿದಿದ್ದಳು.

"ನಿನ್ನ ಹೆಸರೇನವ್ವ?"

"ಸೆರ್ಮಾ."

"ಸೆರ್ಮಾ, ಗಂಡನ್ನ ಒಳಗೆ ಎಳಿ. ತಲೆ ಎತ್ತರಕ್ಕಿಡು. ಬಂದು ಇಟ್ಟಿಗೆ ಎತ್ತು. ಇವನನ್ನ ಕೊಲ್ಲೋದಾದ್ರೆ ಗಾಳಿ ನಿಂತ ಮೇಲೆ ಕೊಲ್ಲು."

"ನಮ್ಮ ಕುರಿ?"

"ಎಲ್ಲ ಇದರೊಳಗೇ. ನಿಮ್ಮವು, ನಮ್ಮವು, ಒಟ್ಟಿಗೆ."

ಅವಳು ನನ್ನನ್ನು, ಗೊಂಬೊನನ್ನು, ಆಕಾಶವನ್ನು ನೋಡಿದಳು. ಸನಿಕೆ ಇಳಿಸಿದಳು.

ಬೆಳಕಿದ್ದ ಎರಡು ತಾಸು ನಾವು ಮೂವರೂ ಸತ್ತು ಬೀಳುವ ಹಾಗೆ ದುಡಿದೆವು. ಸೆರ್ಮಾ ಇಟ್ಟಿಗೆ ಒಳಗೆ ಎಸೆದಳು, ನಾನು ಕೊಡಲಿಯ ಹಿಂಬದಿಯಿಂದ ಪುಡಿಗುಟ್ಟಿದೆ. ಗೊಂಬೊ ಒಂದೇ ಕೈಯಲ್ಲಿ ಹರಡಿದ. ನಡುನಡುವೆ ಅವಳು ಅವನ ಮುರಿದ ಭುಜಕ್ಕೇ ಗುರಿಯಿಟ್ಟು ಇಟ್ಟಿಗೆ ಎಸೆಯುತ್ತಿದ್ದಳು. ಅವನು ಹಲ್ಲು ಕಚ್ಚಿ ಅದನ್ನೂ ಎತ್ತಿ ಹರಡಿದ. ನಾನು ನೋಡಿಯೂ ನೋಡದಂತಿದ್ದೆ. ವಾಯವ್ಯದ ಮೂಲೆ ತುಂಬುವ ಮೊದಲೇ ಹಿಮ ಕಣ್ಣು ಮುಚ್ಚಿಸಿತು. ಎರಡು ಹಿಂಡನ್ನೂ ನುಗ್ಗಿಸಿ ಬಾಗಿಲಿಗೆ ಗಾಡಿಯನ್ನೇ ಅಡ್ಡ ಉರುಳಿಸಿದೆವು. ನಮ್ಮ ಗುಡಾರ ನಿಲ್ಲಿಸಲು ಹೊತ್ತಿರಲಿಲ್ಲ. ನಾಲ್ವರೂ ಅವರ ಗುಡಾರದಲ್ಲೇ ಉಳಿದೆವು. ದಮಿರನ್ ವಾಂತಿ ಮಾಡುತ್ತಿದ್ದ. ಗೊಂಬೊ ಬಾಗಿಲ ಬಳಿ ಕೂತ, ಯಾರೂ ಅವನಿಗೆ ಚಹಾ ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಗಾಳಿ ನಿಂತಿತು. ದೊಡ್ಡಿಯ ಮೇಲೆ ಹಬೆ ಏಳುತ್ತಿತ್ತು. ಹಾಸು ಬಿದ್ದ ಕಡೆ ಕುರಿಗಳು ಒಂದಕ್ಕೊಂದು ಅಂಟಿ ಮಲಗಿ ಉಸಿರಾಡುತ್ತಿದ್ದವು. ಹಾಸಿಲ್ಲದ ಮೂಲೆಯಲ್ಲಿ ನಮ್ಮವು ಮೂವತ್ತೇಳು, ಅವರವು ಇಪ್ಪತ್ತೆರಡು ಕಲ್ಲಾಗಿದ್ದವು. ಕೆಲವು ನಿಂತೇ ಇದ್ದವು.

ದಮಿರನ್‌ಗೆ ಎಚ್ಚರವಿತ್ತು. ಎಡಗಿವಿ ಕೇಳುತ್ತಿರಲಿಲ್ಲ, ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

"ಹಿಮ ಕರಗಿದ ದಿನವೇ ಇವರನ್ನ ಇಲ್ಲಿಂದ ಓಡಿಸ್ತೀನಿ" ಎಂದ ಗೊಂಬೊ.

ನಾನು ಕುದುರೆಗೆ ಜೀನು ಬಿಗಿದೆ. "ನೀನು ಈಗಲೇ ಹೊರಡು. ಪಟ್ಟಣಕ್ಕೆ ಹೋಗಿ ಡಾಕ್ಟರನ್ನ ಕಳಿಸು. ಪೊಲೀಸರಿಗೆ ನೀನೇ ಹೇಳು, ಕೈ ಹಿಡಿದು ಹೊಡೆದೆ ಅನ್ನೋದನ್ನೂ ಬಿಡದೆ ಹೇಳು. ನೀನು ಹೇಳದಿದ್ರೆ ನಾನು ಹೇಳ್ತೀನಿ."

"ಇವರು?"

"ಇಲ್ಲೇ ಇರ್ತಾರೆ. ಹಾಸು ಈಗ ಎರಡು ಹಿಂಡಿಂದು. ಬೇರೆ ಮಾಡೋಕೆ ಹೋದ್ರೆ ಎರಡೂ ಸಾಯ್ತವೆ."

"ನಾನು ನಿನ್ನ ತಮ್ಮ ಅಕ್ಕ."

"ಅದಕ್ಕೇ ಕುದುರೆ ಕೊಟ್ಟಿದ್ದೀನಿ."

ಅವನು ಒಂದೇ ಕೈಯಲ್ಲಿ ಕಡಿವಾಣ ಹಿಡಿದು, ಎದೆಮಟ್ಟದ ಹಿಮದಲ್ಲಿ ಕುದುರೆ ನೂಕುತ್ತ ಹೋದ.

ಸೆರ್ಮಾ ದೊಡ್ಡಿಯೊಳಗೆ ಸತ್ತ ಕುರಿಯೊಂದನ್ನು ನೆಲದಿಂದ ಬಿಡಿಸಲು ಒದ್ದಾಡುತ್ತಿದ್ದಳು. ಉಣ್ಣೆ ಕಲ್ಲಿಗೆ ಅಂಟಿಕೊಂಡಿತ್ತು.

"ಅವನು ವಾಪಸ್ ಬಂದ್ರೆ ನಾನು ಬಿಡಲ್ಲ ಅಕ್ಕ" ಎಂದಳು, ತಲೆ ಎತ್ತದೆ.

"ಗೊತ್ತು" ಎಂದೆ. "ಆ ಹಿಂಗಾಲು ಹಿಡಿ."

ಇಬ್ಬರೂ ಎಳೆದೆವು. ಉಣ್ಣೆಯ ಜೊತೆ ಚರ್ಮವೂ ಕಿತ್ತು ಬಂತು.