ಕರದ ಪಾಲಿನ ಗಿಣ್ಣ

ಕಲಬುರಗಿಯ ಐವಾನ್-ಎ-ಶಾಹಿ ಓಣ್ಯಾಗ, ನಮ್ಮ ಮನಿ ಪಲ್ಲಂಗದ ಮ್ಯಾಲ ಕುಂತು ಎಮ್ಮಿ ಬಾಣಂತನ ಕಲ್ತಾಕಿ ನಾನು. ನಗಬ್ಯಾಡ್ರಿ! ಬಟ್ಟಿ ಅಂಗಡ್ಯಾಗ ನಿಂತು ಸೀರಿ ಮಡಚಿ ಮಡಚಿ ಸಾಕಾಗಿ ಹೋಗಿತ್ತು. ಅಂಗಡಿ ಬಿಟ್ಟೆ, ಫೋನಿನ್ಯಾಗ ಪಶು ಆರೈಕೆ ಕೋರ್ಸ್ ಹಚ್ಚಿದೆ. ಸ್ಟೆತಾಸ್ಕೋಪ್ ಹಿಡಿಯೂದು ಕಲ್ತಿದ್ದು ನನ್ನ ಗಂಡ ರೇವಣನ ಎದಿ ಮ್ಯಾಲೇ. "ಏ ಕಸ್ತೂರಿ, ನಾಳೆ ನನಗ ಹಿಂಡಿ ಹಾಕ್ತಿ ಏನು?" ಅಂತ ಕೆಣಕಿದ. "ಹಾಲು ಕೊಡೂದಾದ್ರ ಹಾಕ್ತೀನಿ" ಅಂದೆ.

ನಮ್ಮತ್ತಿ ದುಂಡಮ್ಮ ಮಾತ್ರ ನಗಲಿಲ್ಲ. ಆಕಿ ಇರೂದು ಕಮಲಾಪುರದಾಗ, ಬಾಳಿ ತೋಟದ ಮಗ್ಗಲಕ. ಆಕಿ ಎಮ್ಮಿ ಗೌರಿ ಹಿಂದ ಈದ ಎರಡೂ ಕರ ಉಳಿದಿರಲಿಲ್ಲ; ವಾರದೊಳಗ ಹೊಟ್ಟಿ ಕೆಟ್ಟು ಉಚ್ಚಿಕೊಂಡು ಉಚ್ಚಿಕೊಂಡು ಸತ್ತಿದ್ವು. "ಫೋನ್ ನೋಡಿ ದನ ಸಾಕಾಕ ಆಗ್ತದಂದ್ರ ಈ ಸಲ ಕರ ಉಳಿಸಿ ತೋರಿಸು. ಇಲ್ಲಂದ್ರ ಸುಮ್ನ ಅಂಗಡಿಗೆ ಹೋಗು" ಅಂದ್ಲು. ನನಗೂ ಸಿಟ್ಟು ನೆತ್ತಿಗೇರ್ತು. ಆಗ್ಲಿ ಬಿಡ್ರಿ ಅಂದೆ. ಗೌರಿಗೆ ದಿನ ತುಂಬ್ಯಾವ ಅಂತ ಸುದ್ದಿ ಬಂದಕೂಡ್ಲೇ ಬಸ್ ಹತ್ತಿದೆ.

ಖರೇ ಹೇಳ್ತೀನಿ, ಅಲ್ಲಿತನಕ ನಾ ಒಂದು ಎಮ್ಮೀನೂ ಮುಟ್ಟಿದಾಕಿ ಅಲ್ಲ. ಗೌರಿ ಹೊಟ್ಟಿ ಮ್ಯಾಲ ಕೈ ಇಟ್ಟೆ. ಒಳಗಿಂದ ಒದ್ದಂಗಾತು. ಯವ್ವಾ! ಮೈ ಜುಮ್ ಅಂತು. ಎಷ್ಟು ವಿಡಿಯೋ ನೋಡಿದ್ದೆ, ಒಂದರಾಗೂ ಆ ಬಿಸಿ ಇರಲಿಲ್ಲ.

ಮಧ್ಯಾಹ್ನ ಗೌರಿ ಈಯ್ತು. ಮೊದಲು ಮುಂಗಾಲಿನ ಗೊರಸು, ಅದರ ಮ್ಯಾಲ ಮೂಗು, ಆಮ್ಯಾಲ ಇಡೀ ಒಂದು ಜೀವ ಧಪ್ಪಂತ ಹುಲ್ಲಿನ ಮ್ಯಾಲ. ನಾ ಬಾಯಿ ತಕ್ಕೊಂಡು ನಿಂತೆ. ಕಲ್ತಿದ್ದೆಲ್ಲಾ ಮರ್ತೇ ಹೋಗಿತ್ತು. ಕರ ಸೀನಿ ತಲಿ ಕೊಡವಿದಾಗ ಎಚ್ಚರ ಬಂತು. ಮೂಗು ಒರಸಿದೆ, ಹೊಕ್ಕಳಿಗೆ ಔಷಧ ಹಚ್ಚಿದೆ. ಗೌರಿ ಕರದ ಜೋಡಿ ನನ್ನ ಕೈನೂ ನೆಕ್ತು. ಕಣ್ಣಾಗ ನೀರು ಬಂದ್ವು ನೋಡ್ರಿ.

ಕರ ಏಳ್ತದ, ಬೀಳ್ತದ, ಮತ್ತ ಏಳ್ತದ. ಕಾಲು ಇನ್ನೂ ನೆಟ್ಟಗಿಲ್ಲ, ಕೆಚ್ಚಲ ಎಲ್ಲದ ಅಂತ ಮಾತ್ರ ಗೊತ್ತು! ಯಾರು ಹೇಳಿಕೊಟ್ರು ಅದಕ್ಕ? ಅದು ಬಾಯಿ ಹಾಕಬೇಕು, ಅಷ್ಟರಾಗ ಅತ್ತಿ ಅದರ ಕೊರಳಿಗೆ ಹಗ್ಗ ಹಾಕಿ ಎಳದ್ಲು.

"ಮೊದಲು ಮಾಸ ಬೀಳ್ಲಿ, ಕರದ ಹಿಂದ ಬರೂ ಚೀಲ. ಅದು ಒಳಗ ಇದ್ದಾಗ ಕುಡಿಸಿದ್ರ ತಾಯಿಗೂ ಕೇಡು, ಕರಕ್ಕೂ ಕೇಡು. ನಮ್ಮತ್ತಿ ಕಾಲದಿಂದ ಹಿಂಗೇ."

ನಾ ಹಗ್ಗಕ್ಕ ಕೈ ಹಾಕಿದೆ. "ಹಿಂದಿನ ಕರಗೋಳನೂ ಹಿಂಗೇ ಕಟ್ಟಿದ್ರೇನು?"

"ಕಟ್ಟಲಾರದ ಬಿಡ್ತೀನೇನು? ಮರುದಿನ ಬಿಟ್ಟೆ. ಅಷ್ಟೊತ್ತಿಗೆ ಈದ ಮೊದಲ ಹಾಲು, ಗಿಣ್ಣ, ಹಿಂಡಿ, ಕಾಸಿ ಓಣಿಗೆಲ್ಲಾ ಹಂಚಿದ್ದೆ."

"ಯತ್ತೀ, ಬ್ಯಾನಿ ತಡೆಯೋ ಶಕ್ತಿ ಇರೂದೇ ಆ ಗಿಣ್ಣದಾಗ! ತಡಾ ಆದಂಗ ಕರದ ಮೈ ಅದನ್ನ ಹಿಡ್ಕೊಳ್ಳಲ್ಲ. ಬಿಡ್ರಿ ಹಗ್ಗ!"

"ಎಮ್ಮಿಗೆ ಏನರ ಆದ್ರ?"

"ಆದ್ರ ನಾಳೆನೇ ಹೋಗಿ ಸೀರಿ ಮಡಚ್ತೀನಿ" ಅಂದೆ.

ಅತ್ತಿ ನನ್ನ ಮಾರಿ ನೋಡಿದ್ಲು, ಕರದ ಮಾರಿ ನೋಡಿದ್ಲು. ಹಗ್ಗ ಬಿಟ್ಲು.

ಕರ ಹೋಗಿ ಗುದ್ದಿ ಗುದ್ದಿ ಕುಡೀತು. ಗೌರಿ ಕಣ್ಣು ಅರ್ಧ ಮುಚ್ಚಿ ನಿಂತಿತ್ತು. ಹೊತ್ತು ಇಳಿಯೂದ್ರಾಗ ಗೌರಿ ಬೆನ್ನು ಬಾಗಿಸ್ತು, ಮಾಸ ತಾನೇ ಜಾರಿ ಬಿತ್ತು. ಕರ ಚೀಪಿದ್ರ ಮಾಸ ಸಡಲ ಆಗ್ತದ ಅಂತ ಪರೀಕ್ಷಾದಾಗ ನಾನೇ ಬರದಿದ್ದೆ. ಕಣ್ಣಮುಂದ ಕಂಡಾಗ ಕೈ ತಾವೇ ಕೂಡಿದ್ವು.

ಅತ್ತಿ ಅಲ್ಲೇ ನೆಲಕ್ಕ ಕುಂತ್ಲು. "ಹಂಗಾದ್ರ ಆ ಎರಡನ್ನ ಬ್ಯಾನಿ ಒಯ್ಯಲಿಲ್ಲ ಕಸ್ತೂರಿ, ನಾನೇ..." ಅಂದು ಸೆರಗು ಬಾಯಿಗೆ ಹಿಡಕೊಂಡ್ಲು. ನಾ ಮಗ್ಗಲಕ್ಕ ಕುಂತು ಆಕಿ ಕೈ ಹಿಡಕೊಂಡೆ.

ವಾರ ದಾಟ್ತು. ಕರ ಅಂಗಳ ತುಂಬ ಜಿಗದಾಡಾಕತ್ತಿತು. ಬಾಜೂ ಮನಿ ಚಾಂದಬಿ ಗ್ವಾಡಿ ಮ್ಯಾಲಿಂದ ಇಣುಕಿ, "ಕ್ಯಾ ದುಂಡಮ್ಮಾ, ಈ ಸಲ ನಮಗ ಗಿಣ್ಣ ಇಲ್ಲೇನು?" ಅಂತ ಜಗಳಕ್ಕ ಬಂದ್ಲು.

"ಅದು ಕರದ ಪಾಲು, ಅದೇ ಕುಡೀತು" ಅಂದ್ಲು ಅತ್ತಿ. ಆಮ್ಯಾಲ ಗ್ವಾಡಿ ಹತ್ರ ಹೋಗಿ ಸಣ್ಣ ದನಿಲೆ ಹೇಳಿದ್ಲು: "ನಿನ್ನ ಎಮ್ಮೀನೂ ಈಯಾಕ ಬಂದದಲ್ಲ? ನನ್ನ ಸೊಸೀನ ಕರಿ. ಮಾಸ ಬೀಳಲಿ ಅಂತ ಕಾಯಬ್ಯಾಡವ್ವಾ. ನಾ ಕಾದು ಎರಡು ಕಳಕೊಂಡೀನಿ."