ಯಾರೂ ಹೊರದ ಕೊಡ

“ಇನ್ನೊಂದ ಹಲಗಿ ಬೇಕ್ರಿ,” ಎಂದ ಓಣಿಯ ನೇಕಾರ ದುರ್ಗಪ್ಪ, ಮಗ್ಗದ ಕುಣಿಯೊಳಗೆ ನಿಂತುಕೊಂಡೇ.

ಹುಚ್ಚೇಶ ಅಡುಗೆಮನೆಗೆ ಹೋಗಿ ರೊಟ್ಟಿ ಡಬ್ಬಿ ಇಡುವ ಹಲಗೆಯನ್ನು ಎತ್ತಿ ತಂದುಕೊಟ್ಟ. ಡಬ್ಬಿಯನ್ನು ಎಲ್ಲಿಡಬೇಕೆಂದು ಮಾತ್ರ ತಿಳಿಯಲಿಲ್ಲ. ಹಿಡಿದುಕೊಂಡು ಸುಮ್ಮನೆ ನಿಂತ. ಒಳಗಿದ್ದದ್ದು ನಿನ್ನೆ ಹೆಂಡತಿ ಮುತ್ತವ್ವ ಬಡಿದ ರೊಟ್ಟಿ. ಅವಳು ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು, ರೊಟ್ಟಿ ಉಳಿದಿತ್ತು. ಅದನ್ನು ಕಂಡರೆ ಅಳು ಬರಬೇಕಿತ್ತು, ಬರಲಿಲ್ಲ. ಪಕ್ಕದ ಮನೆಯ ಸುಂದರವ್ವ ಬಂದು ಡಬ್ಬಿಯನ್ನು ಅವನ ಕೈಯಿಂದ ಬಿಡಿಸಿಕೊಂಡಳು.

ಇಳಕಲ್ಲಿನ ಆ ಓಣಿಯಲ್ಲಿ ಮನೆ ಎಂದರೆ ಮೊದಲು ಮಗ್ಗ, ಆಮೇಲೆ ಮನುಷ್ಯರು. ಮುಂದಿನ ಕೋಣೆಯನ್ನೆಲ್ಲ ಅದು ನುಂಗಿಕೊಂಡು, ಮಂದಿಗೆ ಕಾಲು ಚಾಚುವಷ್ಟು ಜಾಗ ಬಿಟ್ಟಿರುತ್ತದೆ. ಸತ್ತವರನ್ನು ಗೋಡೆಗೆ ಆನಿಸಿ ಕೂರಿಸಬೇಕು, ಬಂದವರು ನೋಡಬೇಕು. ಗೋಡೆ ಇದ್ದದ್ದು ಕುಣಿಯ ಆಚೆ. ಮುತ್ತವ್ವ ಬಾಳೆಲ್ಲ ಕಾಲು ಇಳಿಬಿಟ್ಟು ನೇಯ್ದ ಕುಣಿಯನ್ನು ಹಲಗೆಯಿಂದ ಮುಚ್ಚಿ, ಚಾಪೆ ಹಾಸಿ, ಅವಳನ್ನು ಕೂರಿಸಿದರು. ಓಣಿಯ ಉಳಿದ ಮಗ್ಗಗಳೂ ಅವತ್ತು ನಿಂತಿದ್ದವು. ಕಿವಿಯಲ್ಲಿ ನೀರು ಹೊಕ್ಕಂತೆ ಹುಚ್ಚೇಶನಿಗೆ ಎಲ್ಲ ಮಂದವಾಗಿ ಕೇಳುತ್ತಿತ್ತು.

ಮಗಳು ಸುಶ್ಮಿತಾ ಹುನಗುಂದ ಡಿಪೋದಲ್ಲಿ ಬಸ್ ಕಂಡಕ್ಟರ್. ಬೆಳಗಿನ ಪಾಳಿಗೆ ಹೊರಟವಳು ಸುದ್ದಿ ತಿಳಿದು ಖಾಕಿ ಅಂಗಿಯಲ್ಲೇ ಬಂದಿದ್ದಳು. ಅಳುವಷ್ಟು ಅತ್ತು, ಮುಖ ತೊಳೆದುಕೊಂಡು, ಈಗ ತಾಯಿಯ ಟ್ರಂಕಿನಿಂದ ಒಂದು ಸೀರೆ ತೆಗೆದಳು. ಕಡುನೀಲಿ ಮೈ, ಕೆಂಪು ದಡಿ. ದಡಿಯ ಉದ್ದಕ್ಕೂ ಒಂದೊಂದು ದುಂಡು, ಪ್ರತಿ ದುಂಡಿನ ನಡುವಿಗೆ ಓರೆಯಾಗಿ ಒಂದು ಬಳೆ. ನೀರು ಹೊರುವಾಗ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ, ಅದರಲ್ಲಿ ಕುಳಿತ ಕೊಡ ಎಂದು ಎಲ್ಲರೂ ತಿಳಿದಿದ್ದರು. ಸಿಂಬಿ ದಡಿ ಎಂದೇ ಅದರ ಹೆಸರು. ಹುಟ್ಟಿಸಿದವಳು ಮುತ್ತವ್ವ. ಈಗ ಓಣಿಯ ಅರ್ಧ ಮಗ್ಗಗಳ ಮೇಲೆ ಅದೇ ಇದೆ, ಪವರ್‌ಲೂಮಿನವರೂ ನಾಚಿಕೆಯಿಲ್ಲದೆ ಕದ್ದಿದ್ದಾರೆ. ಅವಳ ಮೇಲಿನ ಮರ್ಯಾದೆಗೆಂದು ಅವತ್ತು ಬಂದ ಹೆಂಗಸರಲ್ಲಿ ಮುಕ್ಕಾಲು ಮಂದಿ ಸಿಂಬಿ ದಡಿಯನ್ನೇ ಉಟ್ಟು ಬಂದಿದ್ದರು.

“ಇದನ್ನ ಉಡಿಸಿ ಕಳಸ್ರಿ ಅಂತ ಅವ್ವ ಹೇಳಿದ್ಲು,” ಎಂದಳು ಸುಶ್ಮಿತಾ.

“ತವರಮನಿ ಸೀರಿ ಬರ್ಲಿ ತಡಿ,” ಎಂದಳು ಎದುರುಮನೆಯ ಮಲ್ಲಮ್ಮ. “ನಿಮ್ಮ ಮಾಮಾ ಬೇವೂರು ಬಿಟ್ಟಾನಂತ.”

*

ಆ ದಡಿ ಹುಟ್ಟಿದಾಗ ಸುಶ್ಮಿತಾ ಐದನೆಯ ಇಯತ್ತೆ. ಶಾಲೆಯ ಮೈದಾನದಲ್ಲಿ ಯಾರೋ ವಿಜ್ಞಾನದವರು ದುರ್ಬೀನು ತಂದು ನಿಲ್ಲಿಸಿದ್ದರು. ಹೊತ್ತು ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಮಗಳನ್ನು ಕರೆತರಲು ಗಂಡನ ಜೊತೆ ಹೋದ ಮುತ್ತವ್ವ, ಮನೆಯಲ್ಲಿ ಪಲ್ಯ ಹಾಗೇ ಇದೆ, ಹೋಗಬೇಕು, ಹೋಗಬೇಕು ಎನ್ನುತ್ತಲೇ ಸಾಲಿನಲ್ಲಿ ನಿಂತಳು. ಮೊದಲು ಹುಚ್ಚೇಶ ನೋಡಿದ. ಒಂದು ಮಬ್ಬು ಕಾಳು ಕಂಡಿತು. ಹೂಂ ಎಂದು ಸರಿದ. ಕಣ್ಣಿಟ್ಟ ಮುತ್ತವ್ವ ತೆಗೆಯಲೇ ಇಲ್ಲ.

“ಅಕ್ಕಾರ, ಹಿಂದ ಮಂದಿ ನಿಂತಾರ್ರಿ,” ಎಂದ ದುರ್ಬೀನಿನವನು.

“ಇದೇನ್ರಿ, ಸಿಂಬ್ಯಾಗ ಕೊಡ ಕುಂತಂಗ ಐತಿ?”

“ಶನಿ ಗ್ರಹ ರೀ ಅದು. ಸುತ್ತ ಇರೂದು ಬಳಿ. ಬರೇ ಬರ್ಫು, ಕಲ್ಲು.”

“ಅದನ್ನ ಯಾರು ಹೊತ್ತಾರ?”

“ಯಾರೂ ಹೊತ್ತಿಲ್ರಿ.”

“ಮತ್ತ ಬೀಳಂಗಿಲ್ಲೇನು?”

“ಸೂರ್ಯನ ಸುತ್ತ ಓಡತಿರತೈತ್ರಿ. ಹಂಗಾಗಿ ಬೀಳಂಗಿಲ್ಲ.”

ಮುತ್ತವ್ವ ಇನ್ನೊಮ್ಮೆ ಬಗ್ಗಿ ನೋಡಿ, ಆಮೇಲೆ ಜಾಗ ಬಿಟ್ಟಳು. ಆಗ ಓಣಿಗೆ ನಳ ಬಂದಿರಲಿಲ್ಲ. ದೂರದ ಬೋರಿನಿಂದ ನೀರು ಅವಳ ತಲೆಯ ಮೇಲೆಯೇ ಬರಬೇಕು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳು.

“ಕೊಡ ಐತಿ, ಸಿಂಬಿ ಐತಿ, ಕೆಳಗ ತಲಿನ ಇಲ್ಲ ನೋಡ್ರಿ,” ಎಂದಳು ಗಂಡನಿಗೆ. “ನನ್ನ ಕುತ್ತಿಗಿ ಒಂದ ಯಾಕ ಹಿಂಗ ನೋಯ್ಬೇಕು?”

ಅವತ್ತು ಪಲ್ಯಕ್ಕೆ ಉಪ್ಪು ಬೀಳಲಿಲ್ಲ. ಮರುದಿನ ಅವಳು ನೆಲದ ಮೇಲೆ ಹುಣಸೆ ಬೀಜ ಹರವಿಕೊಂಡು, ಒಂದು ಬೀಜಕ್ಕೆ ಒಂದು ಎಳೆ ಎಂದು ಹೊಸ ದಡಿಯ ಲೆಕ್ಕ ಹಿಡಿದು ಕುಳಿತಳು. ಬಳೆ ಓರೆಯಾಗಿಯೇ ಬರಬೇಕೆಂದು ಹಟ. ನೇರ ಇಟ್ಟರೆ ನಿಂತುಬಿಡುತ್ತದೆ, ಓರೆ ಇಟ್ಟರೆ ಓಡುತ್ತದೆ ಎನ್ನುವಳು. ಹೋಗಿ ಬರುವಾಗ ಹುಚ್ಚೇಶನ ಕಾಲು ತಾಗಿ ಬೀಜ ಚದುರಿದರೆ ಅವನಿಗೆ ಆ ಹೊತ್ತಿನ ಚಹಾ ಸಿಗುತ್ತಿರಲಿಲ್ಲ. ಬಹಳ ದಿನ ಮನೆಯ ತುಂಬ ಹುಣಸೆ ಬೀಜ.

*

ಶಂಭು ಬಂದಾಗ ಬಿಸಿಲು ಏರಿತ್ತು. ಮುತ್ತವ್ವನ ತಮ್ಮ, ಬೇವೂರಿನಲ್ಲಿ ಕಿರಾಣಿ ಅಂಗಡಿ ಇಟ್ಟವನು. ಜೊತೆಗೆ ಮಗಳು ಶೀಲಾ ಇದ್ದಳು. ಲಗ್ನವಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಬಿಟ್ಟು ಬಂದವಳು, ಈಗ ಬಾಗಲಕೋಟೆಯಲ್ಲಿ ಹೊಲಿಗೆ ಕಲಿಸುತ್ತಾಳೆ. ಶಂಭು ಅಕ್ಕನ ಕಾಲು ಹಿಡಿದು ದೊಡ್ಡ ದನಿಯಲ್ಲಿ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಚೀಲದಿಂದ ಹೊಸ ಹಸಿರು ಸೀರೆ ತೆಗೆದ. ಆಗ ಅವನಿಗೆ ಸುಶ್ಮಿತಾಳ ಕೈಯಲ್ಲಿದ್ದದ್ದು ಕಾಣಿಸಿತು.

“ಅದನ್ನ ಒಳಗ ಇಡು.”

“ಅವ್ವನ ಹೇಳ್ಯಾಳ, ಮಾಮಾ.”

“ಯಾರರ ಹೇಳಿರ್ಲಿ. ಅದೊಂದ ಬ್ಯಾಡ.”

“ಯಾಕ ಬ್ಯಾಡ?” ಎಂದಳು ಸುಂದರವ್ವ. “ಅದನ್ನ ಉಡಸೂಣು, ತವರಮನಿದು ಮ್ಯಾಲ ಹೊದಸೂಣು. ಅಕಿ ನೇದದ್ದು ಅಕಿ ಉಡ್ಲಿ. ನಾವೆಲ್ಲಾ ಉಟ್ಟಿಲ್ಲೇನು?”

ಶಂಭು ಸುತ್ತ ಕುಳಿತವರ ಸೆರಗು, ನೆರಿಗೆಗಳನ್ನು ನೋಡಿದ. ಎಲ್ಲ ಕಡೆ ಅದೇ ದುಂಡು, ಅದೇ ಬಳೆ.

“ಅದು ಸಿಂಬಿ ಅಲ್ರವ್ವಾ,” ಎಂದ. “ಶನಿ. ಮ್ಯಾಲ ಇರತಾನಲ್ಲ, ಅವನ. ನನ್ನ ಮಗಳ ಲಗ್ನಕ್ಕ ಅದನ್ನ ಉಡಿಸಿ ಕಳಿಸಿದ ಮ್ಯಾಲ ಅಕ್ಕನ ನಕ್ಕೋತ ಹೇಳಿದ್ಲು. ವರ್ಷ ಆಗೂದ್ರಾಗ ಹುಡುಗಿ ಬಾಳ್ವಿ ಮುರೀತು. ಮನಿ ಮಾತು ಅಂತ ಇಷ್ಟ ದಿನ ಬಾಯಿ ಮುಚಗೊಂಡಿದ್ದೆ. ಸತ್ತ ಮ್ಯಾಲೂ ಅದನ್ನ ಅಕಿ ಮೈಗೆ ಸುತ್ತಿ ಕಳಸ್ತೀರೇನು?”

ಮಲ್ಲಮ್ಮ ಎದ್ದುನಿಂತು ತನ್ನ ಸೆರಗನ್ನು ಮೈಯಿಂದ ದೂರ ಹಿಡಿದಳು. ಉಳಿದವರು ತಮ್ಮ ತಮ್ಮ ದಡಿ ನೋಡಿಕೊಂಡರು. ಆಮೇಲೆ ಎಲ್ಲರೂ ಹುಚ್ಚೇಶನ ಕಡೆ ತಿರುಗಿದರು. ದುರ್ಗಪ್ಪ ಅವನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕುಳಿತ.

“ಸಿಂಬಿ ಅಂದುಬಿಡ್ರಿ,” ಎಂದ ಮೆಲ್ಲಗೆ. “ನನ್ನ ಎಲ್ಲಾ ಮಗ್ಗದ ಮ್ಯಾಲೂ ಅದ ಐತಿ. ಇವತ್ತ ಇದು ಕೆಟ್ಟರ ಇನ್ನ ಯಾರೂ ಉಡಂಗಿಲ್ಲ. ಮುತ್ತಕ್ಕನ ಹೆಸರೂ ಉಳಿಯಂಗಿಲ್ಲ.”

*

ಮೊದಲ ಸೀರೆಯನ್ನು ಪೇಟೆಗೆ ಒಯ್ಯುವಾಗ ಆ ಹೆಸರಿಟ್ಟವನು ಹುಚ್ಚೇಶನೇ.

“ಶನಿ ಅಂದ್ರ ಯಾರ ಉಡ್ತಾರ? ಸಿಂಬಿ ಅನ್ನು.”

“ನಾ ಕಂಡದ್ದು ಶನಿ,” ಎಂದಳು ಮುತ್ತವ್ವ.

“ಉಡಾವ್ರು ಕಂಡಿಲ್ಲಲ್ಲ.”

ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದಳು. ಆಮೇಲೆ ಅದರಲ್ಲೇ ಒಂದು ಮೋಜು ಕಂಡುಕೊಂಡಳು. ಸಂತೆಯಲ್ಲಿ ನಡೆಯುವಾಗ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದು, “ನೋಡ್ರಿ, ಶನಿ ಬದನಿಕಾಯಿ ಆರಸಾಕತ್ತೈತಿ,” ಎನ್ನುವಳು. ಬಸ್‌ಸ್ಟ್ಯಾಂಡಿನಲ್ಲಿ, “ಶನಿ ಬಾದಾಮಿ ಗಾಡಿ ಹತ್ತಿತು ನೋಡ್ರಿ, ಸೀಟ ಸಿಗಂಗಿಲ್ಲ ಅದಕ್ಕ,” ಎನ್ನುವಳು. ಶಿವಯೋಗ ಮಂದಿರಕ್ಕೆ ಹೋದಾಗ ಪ್ರಸಾದದ ಸಾಲಿನಲ್ಲಿ ಎದುರಿಗೇ ನಾಲ್ಕು ಜನ ಅದೇ ದಡಿ ಉಟ್ಟು ಕುಳಿತಿದ್ದರು. ಮುತ್ತವ್ವನಿಗೆ ನಗು ತಡೆಯದೆ ಹುಗ್ಗಿ ನೆತ್ತಿಗೆ ಹತ್ತಿ, ಹುಚ್ಚೇಶ ಬೆನ್ನು ತಟ್ಟಬೇಕಾಯಿತು.

ಕೆಲವು ಸಂಜೆ ಮಾಳಿಗೆ ಹತ್ತಿ, ಬರಿಗಣ್ಣಿಗೆ ಹಳದಿ ಚುಕ್ಕೆಯಾಗಿ ಕಾಣುವ ಅದನ್ನು ಹುಡುಕುವಳು. ಒಲೆಯ ಮೇಲಿನ ಹಾಲು ನೋಡಿ ಬಂದವಳ ಹಾಗೆ ಇಳಿದು ಬಂದು, “ಐತಿ, ಅಲ್ಲೇ ಐತಿ,” ಎನ್ನುವಳು. ತಾನು ಯಾಕೆ ಒಮ್ಮೆಯೂ ಜೊತೆಗೆ ಹತ್ತಲಿಲ್ಲವೆಂದು ಹುಚ್ಚೇಶನಿಗೆ ಈಗ ನೆನಪಾಗುತ್ತಿಲ್ಲ. ಮಂಡಿ ನೋವು ಇತ್ತೇನೋ.

*

ಎಲ್ಲರೂ ನೋಡುತ್ತಿರಲು ಹುಚ್ಚೇಶ ಬಾಯಿ ತೆರೆದ. ಸಿಂಬಿ ಎಂದು ಇಷ್ಟು ವರ್ಷ ಹೇಳಿದ ನಾಲಗೆ ಇನ್ನೊಮ್ಮೆ ಹೇಳಬಹುದಿತ್ತು. ಆದರೆ ಸುಳ್ಳು ಹೇಳುವಷ್ಟು ತ್ರಾಣ ಅವತ್ತು ಅವನಲ್ಲಿರಲಿಲ್ಲ.

“ಹೌದು,” ಎಂದ. “ಶನಿ.”

“ನಾನೂ ನೋಡೇನಿ,” ಎಂದಳು ಸುಶ್ಮಿತಾ. “ಭಾಳ ಚಂದ ಐತಿ.”

ಮಲ್ಲಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು, ಅವಳ ಹಿಂದೆ ಇನ್ನಿಬ್ಬರು. ಹೆಂಡತಿ ಬಾಳೆಲ್ಲ ನೇಯ್ದದ್ದನ್ನು ಒಂದೇ ಮಾತಿನಲ್ಲಿ ಹಾಳು ಮಾಡಿದೆ ಎಂದು ಹುಚ್ಚೇಶನಿಗೆ ತಿಳಿಯಿತು. ತಿಳಿದರೂ ಅದು ಬೇರೆ ಯಾರದೋ ಮನೆಯ ಸುದ್ದಿಯಂತೆ ಇತ್ತು. ವಿಭೂತಿ ಹಚ್ಚಲು ಬಂದಿದ್ದ ಅಯ್ಯನವರು ಕೆಮ್ಮಿ, “ಕೊರಳಾಗ ಲಿಂಗ ಇದ್ದವರಿಗೆ ಗ್ರಹ ಏನ ಮಾಡ್ತಾವ್ರಿ?” ಎಂದರು. ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಆದರೆ ಸೀರೆ ಉಡಿಸಲು ಕುಳಿತಲ್ಲಿಂದ ಒಬ್ಬರೂ ಏಳಲಿಲ್ಲ.

ಸುಶ್ಮಿತಾ ಸೀರೆಯ ಮಡಿಕೆ ಬಿಚ್ಚಿದಳು. ಕೂರಿಸಿದ ದೇಹಕ್ಕೆ ಒಬ್ಬರೇ ಸೀರೆ ಉಡಿಸಲು ಬರುವುದಿಲ್ಲ, ಇನ್ನೊಂದು ಕೈ ಬೇಕು. ಶೀಲಾ ಎದ್ದಳು.

“ನೀ ಮುಟ್ಟಬ್ಯಾಡ,” ಎಂದ ಶಂಭು.

“ಅಪ್ಪಾ,” ಎಂದಳು ಅವಳು, ದನಿ ಏರಿಸದೆ. “ಅಂವ ಕುಡೀತಿದ್ದ. ಶನಿ ಏನ ಕುಡೀತಿದ್ದಿಲ್ಲ.”

ಶಂಭು ಅವಳನ್ನೇ ನೋಡಿದ.

“ಹೊಡೀತಿದ್ದಾಂವನೂ ಅವನ. ನೀ ಸಾಡೇಸಾತಿ ಯಾವಾಗ ಮುಗೀತೈತಿ ಅಂತ ಕೇಳ್ಕೋತ ತಿರಗತಿದ್ದಿ. ಆ ಮನಿ ಬಾಗಲಕ ಬಂದು, ನಡಿ, ಅಂತ ಕೈ ಹಿಡದು ಕರಕೊಂಡ ಬಂದಾಕಿ ಈ ಅತ್ತಿ.”

ಶೀಲಾ ಸೀರೆಯ ಇನ್ನೊಂದು ತುದಿ ಹಿಡಿದು ನೆರಿಗೆ ಹಾಕತೊಡಗಿದಳು. ಹೊಲಿಗೆಯವಳು, ನೆರಿಗೆ ಅಚ್ಚುಕಟ್ಟಾಗಿ ಕೂತವು.

“ನನ್ನೊಮ್ಮಿ ಎಬಸ್ರೆವ್ವಾ,” ಎಂದಳು ಸುಂದರವ್ವ. ಇಬ್ಬರು ಕೈಕೊಟ್ಟು ಎಬ್ಬಿಸಿದರು. “ಈ ಸೀರಿ ಉಟಗೊಂಡ ಮೂರು ಬಾಣಂತನ ಮಾಡೇನಿ. ಕೂಸುಗೋಳೆಲ್ಲಾ ಗಟ್ಟಿ ಅದಾವ. ಮಣಕಾಲ ನೋವು ಸೀರಿಕಿಂತ ಮೊದಲ ಇತ್ತು.” ಮುತ್ತವ್ವನ ಭುಜವನ್ನು ಹಿಂದಿನಿಂದ ಆತುಕೊಂಡು, ಸೆರಗನ್ನು ತಲೆಯ ಮೇಲೆ ಎಳೆದಳು.

ಕೊನೆಗೆ ಶಂಭುವೂ ಬಂದು ಹಸಿರು ಸೀರೆಯನ್ನು ಅಕ್ಕನ ಹೆಗಲಿಗೆ ಹೊದಿಸಿದ. ಒಳಗಿನ ದಡಿ ಬೆರಳಿಗೆ ತಾಗದಂತೆ ನೋಡಿಕೊಂಡ.

ಮಣ್ಣು ಮಾಡುವಲ್ಲಿ ಅವಳನ್ನು ಕುಣಿಗೆ ಇಳಿಸಿ ಕೂರಿಸಿದಾಗ, ಮಗ್ಗಕ್ಕೆ ಕುಳಿತಂತೆಯೇ ಹುಚ್ಚೇಶನಿಗೆ ಕಂಡಿತು. ಕಾಲು ಮಾತ್ರ ಮಡಚಿತ್ತು. ಬಿಲ್ವಪತ್ರಿ, ವಿಭೂತಿ ಬಿದ್ದವು. ಅವನು ಮೂರು ಹಿಡಿ ಮಣ್ಣು ಹಾಕಿದ. ಇನ್ನೂ ಹಾಕುತ್ತಿದ್ದನೋ ಏನೋ, ದುರ್ಗಪ್ಪ ಕೈ ಹಿಡಿದು ಆಚೆ ತಂದ.

*

ಮಣ್ಣಿಗೆ ಹೋದವರು, ಸತ್ತವರ ಮನೆಗೆ ಬಂದು ಕುಳಿತವರು, ಎಲ್ಲರೂ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳಬೇಕು. ಉಟ್ಟದ್ದನ್ನು ಹೆಚ್ಚಿನವರು ತೊಳೆದು ಮತ್ತೆ ಉಡುತ್ತಾರೆ. ಮನಸ್ಸಿಗೆ ಸರಿ ಬರದಿದ್ದರೆ ಊರ ಹೊರಗೆ ಬಿಸಾಡಿ ಬರುವವರೂ ಇದ್ದಾರೆ. ಹುಚ್ಚೇಶ ಸ್ನಾನ ಮುಗಿಸಿ ಕಟ್ಟೆಯ ಮೇಲೆ ಕುಳಿತ. ಸುಶ್ಮಿತಾ ಪಕ್ಕದ ಮನೆಯಿಂದ ಬಂದ ಚಹಾ ಕೊಟ್ಟಳು. ದುರ್ಗಪ್ಪನೂ ಬಂದು ಕುಳಿತ.

“ಒಂದ ಸುಳ್ಳ ಹೇಳಿದ್ರ ಏನ ಹೋಗತಿತ್ರಿ?”

“ಏನೂ ಹೋಗತಿದ್ದಿಲ್ಲ,” ಎಂದ ಹುಚ್ಚೇಶ.

ಹೊತ್ತು ಇಳಿಯುತ್ತಿತ್ತು. ಸುಂದರವ್ವನ ಸೊಸೆ ಹೊರಗೆ ಬಂದು, ಹಿಂಡಿದ ಸಿಂಬಿ ದಡಿ ಸೀರೆಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. ಸ್ವಲ್ಪ ಹೊತ್ತಿಗೆ ಅದರಾಚೆ ಮನೆಯಲ್ಲಿ ಒಂದು ನೇರಳೆ ಬಣ್ಣದ್ದು ಬಿತ್ತು, ಅದರೆದುರು ದಾಳಿಂಬೆ ಬಣ್ಣದ್ದು. ಎರಡು ಹಗ್ಗ ಬರಿದಾಗಿಯೇ ಉಳಿದವು. ಮತ್ತೊಂದು ನೀಲಿ ಬಂತು. ದಡಿಗಳಿಂದ ನೀರು ಇಳಿದು ಓಣಿಯ ಮಣ್ಣು ಸಾಲಾಗಿ ತೋಯ್ದಿತು. ಬೆಳಗಿನಿಂದ ಬಾರದ ಅಳು ಹುಚ್ಚೇಶನಿಗೆ ಆಗ ಬಂತು. ದುರ್ಗಪ್ಪ ಅವನ ಕೈಯಿಂದ ಚಹಾದ ಬಸಿ ತೆಗೆದು ಕೆಳಗಿಟ್ಟ.

ಎದುರುಮನೆಯ ಗಟಾರದ ಪಕ್ಕ ಮಲ್ಲಮ್ಮನ ಸೀರೆ ಮುದ್ದೆಯಾಗಿ ಬಿದ್ದಿತ್ತು. ಬಾಗಿಲು ತೆರೆಯಿತು. ಬೇರೆ ಸೀರೆ ಉಟ್ಟು, ಒದ್ದೆ ಕೂದಲು ಬಿಟ್ಟುಕೊಂಡ ಮಲ್ಲಮ್ಮ ಹೊಸ್ತಿಲಲ್ಲಿ ನಿಂತು ಓಣಿಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಕಟ್ಟೆಯ ಮೇಲಿನವರನ್ನು ಕಂಡೂ ಕಾಣದಂತೆ ಮುದ್ದೆಯನ್ನು ಎತ್ತಿ, ಮಣ್ಣು ಕೊಡವಿ ಒಳಗೊಯ್ದಳು. ಬಹಳ ಹೊತ್ತು ನೀರು ಸುರಿಯುವ ಸದ್ದು. ಮತ್ತೆ ಬಂದಳು, ಕಲ್ಲಿನ ಮೇಲೆ ಹತ್ತಿ ಸೀರೆಯನ್ನು ಹಗ್ಗಕ್ಕೆ ಹಾಕಿದಳು, ದಡಿಯನ್ನು ಒಳಗೆ ಮಡಚಿ. ಇಳಿದು, ನಿಂತು ನೋಡಿದಳು. ಒಳಗೆ ಮಡಚಿದರೆ ದಡಿಯ ಕೆಂಪು ಮೈಗೆ ಇಳಿದು ಸೀರೆ ಕೆಡುತ್ತದೆಂದು ನೇಕಾರರ ಮನೆಯವಳಿಗೆ ಯಾರೂ ಹೇಳಬೇಕಾಗಿಲ್ಲ. ಮತ್ತೆ ಕಲ್ಲು ಹತ್ತಿ, ಸೀರೆಯನ್ನು ತಿರುವಿ, ದಡಿಯನ್ನು ಓಣಿಯ ಕಡೆಗೆ ಬಿಟ್ಟು, ಒಂದೊಂದೇ ಸುಕ್ಕನ್ನು ಅಂಗೈಯಿಂದ ಸವರಿ ನೆಟ್ಟಗೆ ಮಾಡಿದಳು.